ಬಣ್ಣ ಹಚ್ಚದೆ ಕಾಣೋದು ಹೇಗೆ, ಅಕ್ಕಾ?

ಪ್ರಶ್ನೆ: ನಾನು ಬಿಎಸ್ಸಿ ಕೊನೆ ವರ್ಷ. ಕಾಲೇಜಿನಲ್ಲಿ ಈರುಳ್ಳಿ ಪೊರೆಯಿಂದ ಹಿಡಿದು ರಕ್ತದವರೆಗೆ ಏನು ನೋಡಬೇಕಾದರೂ ಮೊದಲು ಬಣ್ಣ ಹಾಕುತ್ತೇವೆ. ಮೊನ್ನೆ ಬೆಂಗಳೂರಿನಲ್ಲಿ ಔಷಧಿ ಸಂಶೋಧನೆ ಮಾಡುವ ಕಂಪನಿಯೊಂದಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ. "ಲೇಬಲ್ ಫ್ರೀ ತ್ರೀಡಿ ಇಮೇಜಿಂಗ್ ಗೊತ್ತಾ?" ಅಂದರು. ಮಾತೇ ಹೊರಡಲಿಲ್ಲ. ಬಣ್ಣ, ಗುರುತು ಏನೂ ಹಚ್ಚದೆ ಮೂರು ಆಯಾಮದಲ್ಲಿ ಚಿತ್ರ ತೆಗೆಯೋದಂತೆ. ನೀರಿನ ಹಾಗೆ ತಿಳಿಯಾಗಿರುವ ಜೀವಕೋಶ ಬಣ್ಣ ಇಲ್ಲದೆ ಹೇಗೆ ಕಾಣುತ್ತದೆ, ಅಕ್ಕಾ?
(ವಿದ್ಯಾರ್ಥಿನಿ, ಚಿಂತಾಮಣಿ)

ಉತ್ತರ: ಏನಮ್ಮಾ, ಇಂಟರ್‌ವ್ಯೂಗೆ ಹೋಗೋ ಮುಂಚೆ ಬರೆಯಬಾರದಿತ್ತಾ! ನಾನು 31 ವರ್ಷ ಸಂಬಳ ತಗೊಂಡಿದ್ದೇ ಬಣ್ಣ ಇಲ್ಲದೆ ನೋಡೋದಕ್ಕೆ.

ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಕಡೆ, ತಾಯಿ ಚಿಟ್ಟೆ ಪರೀಕ್ಷೆ ನನ್ನ ಕೆಲಸ. ಮೊಟ್ಟೆ ಇಟ್ಟು ಮುಗಿಸಿದ ಚಿಟ್ಟೆಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಕರಗಿಸಿದ ನೀರಲ್ಲಿ ಅರೆಯಬೇಕು. ಒಂದು ಹನಿ ಸ್ಲೈಡಿನ ಮೇಲೆ ಬಿಟ್ಟು, ಕವರ್ ಸ್ಲಿಪ್ ಮುಚ್ಚಿ, 600 ಪಟ್ಟು ದೊಡ್ಡದು ಮಾಡಿ ನೋಡಬೇಕು. ಹುಡುಕೋದು ಗಂಟುರೋಗದ ಬೀಜಕಣವನ್ನು. ಉದ್ದ ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ 250ನೇ ಒಂದು ಪಾಲು. ತಾಯಿಯಲ್ಲಿ ರೋಗ ಇದ್ದರೆ ಮೊಟ್ಟೆಗೂ ಬರುತ್ತದೆ. ಮೊಟ್ಟೆಗೆ ಬಂದರೆ ರೈತನ ಬೆಳೆ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಹತ್ತೋದೇ ಇಲ್ಲ. 1865ರಲ್ಲಿ ಫ್ರಾನ್ಸ್‌ನ ರೇಷ್ಮೆ ಸೀಮೆಗೆ ಹೋದ ಲೂಯಿ ಪಾಶ್ಚರ್ ಈ ರೋಗದ ಬೆನ್ನು ಹತ್ತಿ, ತಾಯಿ ಚಿಟ್ಟೆಯನ್ನೇ ಪರೀಕ್ಷೆ ಮಾಡಿ ಮೊಟ್ಟೆ ಆರಿಸುವ ದಾರಿ ಹಾಕಿಕೊಟ್ಟರು. ನಾವು ಮಾಡುತ್ತಿದ್ದದ್ದೂ ಅದನ್ನೇ.

ಆ ಬೀಜಕಣಕ್ಕೆ ಬಣ್ಣ ಇಲ್ಲ, ನಾವೂ ಹಾಕುತ್ತಿರಲಿಲ್ಲ. ಅದು ಮಿನುಗುತ್ತದೆ, ಅಷ್ಟೇ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರೆ ಮೊಟ್ಟೆಯಾಕಾರದ ಚುಕ್ಕೆ ಹೊಳೆಯುತ್ತದೆ, ಕಪ್ಪಾಗುತ್ತದೆ, ಮತ್ತೆ ಹೊಳೆಯುತ್ತದೆ. ಕೆಳಗಿನಿಂದ ಬೆಳಕು ಬಿಡುವ ಕಿಂಡಿಯನ್ನು, ಅಂದರೆ ಡಯಾಫ್ರಾಮನ್ನು, ಸ್ವಲ್ಪ ಮುಚ್ಚಿಕೊಳ್ಳಬೇಕು. ಪೂರ್ತಿ ತೆಗೆದರೆ ಬೆಳಕು ಜಾಸ್ತಿಯಾಗಿ ಹೊಳಪೇ ಮಾಯ. ಹೊಸಬರು ಇಲ್ಲೇ ಸೋಲುತ್ತಿದ್ದರು. ಕಾಣಲಿಲ್ಲ ಅಂತ ಇನ್ನಷ್ಟು ಬೆಳಕು ಬಿಡುತ್ತಿದ್ದರು.

ಈ ಮಿನುಗು ಎಲ್ಲಿಂದ ಬರುತ್ತದೆ ಅನ್ನೋದೇ ನಿನ್ನ ಪ್ರಶ್ನೆಗೆ ಉತ್ತರ. ಇಬ್ಬರು ಒಟ್ಟಿಗೆ ಹೊರಟರು ಅಂದುಕೋ. ಒಬ್ಬ ರಸ್ತೆಯಲ್ಲಿ, ಇನ್ನೊಬ್ಬ ಉತ್ತ ಹೊಲದಲ್ಲಿ. ಹೊಲದಲ್ಲಿ ನಡೆದವನು ದಣಿಯದೆ ಬಂದ, ಏನನ್ನೂ ಕಳೆದುಕೊಳ್ಳಲೂ ಇಲ್ಲ. ತಡವಾಗಿ ಬಂದ, ಅಷ್ಟೇ. ಜೀವಕೋಶದೊಳಗೆ ಹಾಯುವ ಬೆಳಕೂ ಹೀಗೆ. ಕೋಶದಲ್ಲಿ ಪ್ರೊಟೀನು, ಕೊಬ್ಬು ತುಂಬಿರುವುದರಿಂದ ಅಲ್ಲಿ ಬೆಳಕು ನೀರಿಗಿಂತ ನಿಧಾನ. ನಿಮ್ಮ ಪುಸ್ತಕದಲ್ಲಿ ಇದನ್ನು ವಕ್ರೀಭವನ ಸೂಚ್ಯಂಕ ಅಂತ ಓದಿರುತ್ತೀಯ. ನೀರಿಗೆ 1.33, ಕೋಶದ ಒಳಗಿನ ರಸಕ್ಕೆ 1.36ರಿಂದ 1.39ರ ಆಸುಪಾಸು, ಕೊಬ್ಬಿನ ಹನಿಗೆ 1.46ರ ಹತ್ತಿರ. ನಮ್ಮ ಕಣ್ಣಿಗೆ ಬೆಳಕು ಎಷ್ಟಿದೆ, ಯಾವ ಬಣ್ಣ ಅನ್ನೋದು ಮಾತ್ರ ತಿಳಿಯುತ್ತದೆ. ಯಾವ ಬೆಳಕು ತಡವಾಗಿ ಬಂತು ಅನ್ನೋದು ತಿಳಿಯೋದಿಲ್ಲ. ಆದ್ದರಿಂದ ಕೋಶ ಎದುರಿಗೇ ಇದ್ದರೂ ಕಾಣೋದಿಲ್ಲ.

ಈ ತಡವನ್ನು ಕಪ್ಪು ಬಿಳುಪಾಗಿ ಕಣ್ಣಿಗೆ ಕಟ್ಟಿಸಿದವರು ಹಾಲೆಂಡಿನ ಫ್ರಿಟ್ಸ್ ಜೆರ್ನಿಕೆ, 1930ರ ದಶಕದಲ್ಲಿ. ಅದೇ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪು. 1953ರಲ್ಲಿ ನೊಬೆಲ್ ಬಂತು. ಆದರೆ ಅದರಲ್ಲಿ ತಡ ಆಗಿದೆ ಅಂತ ಗೊತ್ತಾಗುತ್ತದೆ, ಎಷ್ಟು ತಡ ಅಂತ ಲೆಕ್ಕ ಸಿಗೋದಿಲ್ಲ. ಲೆಕ್ಕ ಸಿಗಬೇಕಾದರೆ ಕೋಶದೊಳಗೆ ಹಾದ ಬೆಳಕನ್ನು, ಹಾಯದೆ ನೇರ ಬಂದ ಬೆಳಕಿನ ಜೊತೆ ಸೇರಿಸಿ ಅಚ್ಚು ತೆಗೆಯಬೇಕು. ಇದು ಹೊಲೊಗ್ರಫಿ. 1948ರಲ್ಲಿ ಡೆನಿಸ್ ಗಾಬೊರ್ ಇದರ ದಾರಿ ತೋರಿಸಿದರು.

ಇನ್ನು ತ್ರೀಡಿ. ಇದಕ್ಕೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅರೆದ ಚಿಟ್ಟೆಯಲ್ಲಿ ಕೊಬ್ಬಿನ ಹನಿಗಳೂ ಇರುತ್ತವೆ, ಅವೂ ಮಿನುಗುತ್ತವೆ. ನಮ್ಮ ಹಿರಿಯಕ್ಕ ಹೇಳಿಕೊಟ್ಟ ಲೆಕ್ಕ: ಗುಂಡಗಿದ್ದರೆ ಕೊಬ್ಬು, ಮೊಟ್ಟೆಯಾಕಾರ ಇದ್ದರೆ ಗಂಟು. ಒಂದು ದಿನ ಮೂರು ಗುಂಡು ಚುಕ್ಕೆ ಕಂಡವು. ಕೊಬ್ಬು ಅಂತ ಬರೆದು ಸ್ಲೈಡು ಪಕ್ಕಕ್ಕಿಟ್ಟೆ. ಹಿರಿಯಕ್ಕ ಸುಮ್ನೆ ಒಂದು ಸಲ ಕಣ್ಣು ಹಾಯಿಸಲು ಕೂತವರು ಏಳಲೇ ಇಲ್ಲ. "ಬಾ ಇಲ್ಲಿ, ನೋಡ್ತಾ ಇರು" ಅಂದರು. ನೋಡುತ್ತಾ ಇದ್ದಂತೆ ಒಂದು ಚುಕ್ಕೆ ನೀರಿನಲ್ಲಿ ನಿಧಾನಕ್ಕೆ ಮಗುಚಿತು. ಗುಂಡಗಿದ್ದದ್ದು ಉದ್ದ ಆಯಿತು! ಕೋಳಿಮೊಟ್ಟೆಯನ್ನು ತುದಿ ಕಡೆಯಿಂದ ನೋಡಿದರೆ ಚೆಂಡಿನ ಹಾಗೆ ಕಾಣೋದಿಲ್ಲವಾ? ಬೀಜಕಣ ನೆಟ್ಟಗೆ ನಿಂತಿತ್ತು, ನಾನು ಮೇಲಿನಿಂದ ನೋಡಿ ಮೋಸ ಹೋಗಿದ್ದೆ. ಆ ಮೊಟ್ಟೆಗಳು ರೈತರ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು ಎರಡು ದಿನ ಊಟ ಸೇರಲಿಲ್ಲ.

ಒಂದೇ ಕಡೆಯಿಂದ ನೋಡಿದರೆ ಹೀಗೇ. ನಮ್ಮ ಕಡೆಯ ದಿಲ್‌ಖುಷ್ ದ್ರಾಕ್ಷಿಯೊಂದನ್ನು ಬಿಸಿಲಿಗೆ ಹಿಡಿದು ನೋಡು. ಒಳಗೆ ಬೀಜದ ನೆರಳು ಕಾಣುತ್ತದೆ, ಆದರೆ ಅದು ಮುಂದಿದೆಯೋ ಹಿಂದಿದೆಯೋ ತಿಳಿಯದು. ಹಣ್ಣನ್ನು ಬೆರಳಲ್ಲಿ ತಿರುಗಿಸಿದರೆ ಬೀಜ ಎಲ್ಲಿದೆ, ಎಷ್ಟಿವೆ, ಎಲ್ಲ ಗೊತ್ತಾಗುತ್ತದೆ. ಹೊಸ ಯಂತ್ರಗಳು ಕೋಶವನ್ನು ತಿರುಗಿಸೋದಿಲ್ಲ, ಬೆಳಕನ್ನೇ ಬೇರೆ ಬೇರೆ ಓರೆಯಿಂದ ಬಿಡುತ್ತವೆ. ಪ್ರತಿ ಓರೆಗೂ ತಡದ ಅಚ್ಚು ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದರೆ ಕೋಶದ ಒಳಗಿನ ನಕ್ಷೆ ಸಿಗುತ್ತದೆ. ಸಿಟಿ ಸ್ಕ್ಯಾನ್ ಎಕ್ಸ್‌ರೇಯಿಂದ ಮಾಡುವುದನ್ನು ಇದು ಮಾಮೂಲಿ ಬೆಳಕಿನಿಂದ ಮಾಡುತ್ತದೆ. ಇದರ ಗಣಿತವನ್ನು ಎಮಿಲ್ ವೂಲ್ಫ್ 1969ರಲ್ಲೇ ಬರೆದಿಟ್ಟಿದ್ದರು. ಇವತ್ತು ಇದಕ್ಕೆ ಹೊಲೊಟೊಮೊಗ್ರಫಿ ಅನ್ನುತ್ತಾರೆ. ಮುಂದಿನ ಇಂಟರ್‌ವ್ಯೂನಲ್ಲಿ ಈ ಒಂದು ಮಾತು ಹೇಳು, ಸಾಕು.

ನನ್ನ ತಂಗಿ ಮಗಳು ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದಾಳೆ. ಹೋದ ವರ್ಷ ಕರೆದುಕೊಂಡು ಹೋಗಿ ತೋರಿಸಿದಳು. ಪರದೆಯ ಮೇಲೆ ಒಂದು ಜೀವಂತ ಕೋಶ. ಕೊಬ್ಬಿನ ಹನಿಗಳು ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತಿದ್ದವು. ನನ್ನ ಹಳೇ ಶತ್ರುಗಳು! ಮೈಟೊಕಾಂಡ್ರಿಯಾಗಳು ತುಂಡು ದಾರದ ಹಾಗೆ ನುಲಿಯುತ್ತಾ ಹರಿದಾಡುತ್ತಿದ್ದವು. ನಡುವಿನ ಕೋಶಕೇಂದ್ರ ದಟ್ಟವಾಗಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಸುತ್ತಲಿನ ರಸಕ್ಕಿಂತ ಅದೇ ಮಂಕು, ಒಳಗೆ ಎರಡು ಚುಕ್ಕೆ ಮಾತ್ರ ಬೆಳ್ಳಗೆ. ನಾನು ನೋಡಿದ ಚಿಟ್ಟೆಗಳೆಲ್ಲ ಅರೆದ ಚಿಟ್ಟೆಗಳು. ಬದುಕಿರುವ ಕೋಶದ ಒಳಗೆ ಇಷ್ಟೊಂದು ಓಡಾಟ ಇರುತ್ತದೆ ಅಂತ 31 ವರ್ಷದಲ್ಲಿ ಗೊತ್ತಿರಲಿಲ್ಲ.

ಬಣ್ಣ ಯಾಕೆ ಬೇಡ ಅಂತೀಯ? ಎಷ್ಟೋ ಬಣ್ಣ ಹಾಕಬೇಕಾದರೆ ಕೋಶವನ್ನು ಮೊದಲು ಕೊಲ್ಲಬೇಕು. ಬದುಕಿರುವಾಗಲೇ ಹಾಕುವ ಹೊಳೆಯುವ ಬಣ್ಣಗಳೂ ಇವೆ. ಆದರೆ ಅವು ಹೊಳೆಯಲು ಜೋರು ಬೆಳಕು ಬೇಕು, ಆ ಬೆಳಕಿಗೆ ಕೋಶ ಬಳಲುತ್ತದೆ, ಸ್ವಲ್ಪ ಹೊತ್ತಿಗೆ ಬಣ್ಣವೂ ಮಾಸುತ್ತದೆ. ಅಂಬಲಿ ಮೀನಿನಿಂದ (ಜೆಲ್ಲಿಫಿಶ್) ತೆಗೆದ ಹಸಿರು ಪ್ರೊಟೀನಿಗೆ 2008ರಲ್ಲಿ ನೊಬೆಲ್ ಬಂತಲ್ಲ, ಅದನ್ನು ಬಳಸಬೇಕಾದರೆ ಕೋಶದ ಜೀನ್ ಅನ್ನೇ ತಿದ್ದಬೇಕು. ಔಷಧಿಯಿಂದ ಕೋಶ ಸತ್ತಿತೋ, ಬಣ್ಣದಿಂದ ಸತ್ತಿತೋ, ಬೆಳಕಿನಿಂದ ಸತ್ತಿತೋ? ಈ ಜಗಳ ಬೇಡ ಅಂತಲೇ ಬಣ್ಣ ಬಿಟ್ಟು ನೋಡುವುದು.

ಒಂದು ತಮಾಷೆ ಕೇಳು. ಔಷಧಿ ಹುಡುಕುವ ಕೆಲಸ ಶುರುವಾಗಿದ್ದೇ ಬಣ್ಣದಿಂದ. ಜರ್ಮನಿಯ ಪಾಲ್ ಎರ್ಲಿಚ್ ಮೆಥಿಲೀನ್ ಬ್ಲೂ ಹಾಕಿ ಕೋಶಗಳನ್ನು ನೋಡುತ್ತಿದ್ದವರು. ಈ ನೀಲಿ ಕೆಲವೇ ಕೋಶಗಳಿಗೆ ಹತ್ತುತ್ತದಲ್ಲ, ಹಾಗಾದರೆ ರೋಗಾಣುವಿಗೆ ಮಾತ್ರ ಹತ್ತಿ ಅದನ್ನು ಕೊಲ್ಲುವ ವಸ್ತುವೂ ಇರಬೇಕು ಅನ್ನಿಸಿತು. 1891ರಲ್ಲಿ ಅದೇ ನೀಲಿಯನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ತಾಯಿಮನೆಯ ಋಣ ಅಂದರೆ ಹೀಗೆ, ಈಗ ಅದನ್ನೇ ಬೇಡ ಅನ್ನುತ್ತಿದ್ದೇವೆ.

ಪ್ರಶ್ನೆ: ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಮೊದಲೊಮ್ಮೆ ಕಣ್ಣಿನ ಆಸ್ಪತ್ರೆಯಲ್ಲಿ ಕೈಗೆ ಹಳದಿ ಇಂಜೆಕ್ಷನ್ ಕೊಟ್ಟು ಫೋಟೊ ತೆಗೆದಿದ್ದರು. ಮೈಯೆಲ್ಲ ಹಳದಿ, ಮೂತ್ರವೂ ಹಳದಿ, ವಾಂತಿ ಬೇರೆ. ಈ ಸಲ ಓಸಿಟಿ ಅಂತ ಮಾಡಿದರು, ಗದ್ದ ಇಟ್ಟು ಒಂದು ನಿಮಿಷ ನೋಡಿದ್ದಷ್ಟೇ. ನೀವು ಹೋದ ತಿಂಗಳು ಬಣ್ಣ ಇಲ್ಲದ ತಪಾಸಣೆ ಅಂತ ಒಂದು ಸಾಲು ಬರೆದಿದ್ದಿರಿ. ಇದು ಅದೇನಾ?
(ಗೃಹಿಣಿ, ಗೌರಿಬಿದನೂರು)

ಉತ್ತರ: ಅದೇ ಜಾತಿ ಕಣಮ್ಮಾ. ಆ ಹಳದಿ ಇಂಜೆಕ್ಷನ್ ಹೆಸರು ಫ್ಲೋರೆಸಿನ್. ಅದು ರಕ್ತದಲ್ಲಿ ಓಡಿ ಕಣ್ಣಿನ ನರಪರದೆಗೆ ಬಂದಾಗ ಹೊಳೆಯುತ್ತದೆ, ರಕ್ತನಾಳ ಎಲ್ಲಿ ಸೋರುತ್ತಿದೆ ಅಂತ ತೋರಿಸುತ್ತದೆ. ಒಂದು ದಿನದಲ್ಲಿ ಹಳದಿ ಇಳಿದುಹೋಗುತ್ತದೆ. ಅತ್ತೆಗೆ ಆದ ಹಾಗೆ ಕೆಲವರಿಗೆ ಓಕರಿಕೆ ಬರುವುದುಂಟು.

ಓಸಿಟಿಯಲ್ಲಿ ಮೈಗೆ ಏನೂ ಸೇರಿಸೋದಿಲ್ಲ. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕನ್ನು ಬಿಟ್ಟು, ಅದು ಯಾವ ಪದರಕ್ಕೆ ತಾಗಿ ಎಷ್ಟು ತಡವಾಗಿ ಮರಳಿತು ಅಂತ ಲೆಕ್ಕ ಹಾಕುತ್ತಾರೆ. ಗರ್ಭಿಣಿಯರಿಗೆ ಶಬ್ದದ ಅಲೆಯಿಂದ ಸ್ಕ್ಯಾನ್ ಮಾಡುತ್ತಾರಲ್ಲ, ಇಲ್ಲಿ ಶಬ್ದದ ಬದಲು ಬೆಳಕು. ಅಮೆರಿಕದ ಎಂಐಟಿಯವರು 1991ರಲ್ಲಿ ಮೊದಲು ತೋರಿಸಿದರು. ಮತ್ತೆ ತಡದ ಲೆಕ್ಕವೇ ನೋಡಿ. ಚಿಂತಾಮಣಿ ಹುಡುಗಿಗೆ ಬರೆದದ್ದನ್ನು ಓದಿ, ಹೊಲದಲ್ಲಿ ನಡೆದವನು ಇಲ್ಲೂ ಬರುತ್ತಾನೆ.

ಆದರೆ ಇದು ಬಂತು ಅಂತ ಹಳದಿ ಇಂಜೆಕ್ಷನ್ ಪೂರ್ತಿ ಬಿಟ್ಟಿಲ್ಲ. ಡಾಕ್ಟರು ಮತ್ತೆ ಬೇಕು ಅಂದರೆ ಮಾಡಿಸಿ. ಹೋದ ಸಲ ವಾಂತಿ ಆಗಿತ್ತು ಅಂತ ಮೊದಲೇ ಹೇಳಿ.

ಪ್ರಶ್ನೆ: ಸುಮ್ನೆ ನೋಡುವುದರಿಂದ ಔಷಧಿ ಹೇಗೆ ಸಿಗುತ್ತದೆ? ಇನ್ನು ಮುಂದೆ ಇಲಿ, ಮೊಲಗಳ ಮೇಲೆ ಪ್ರಯೋಗ ಮಾಡೋದೇ ಇಲ್ಲ ಅಂತ ನಮ್ಮ ಹುಡುಗ ವಾದ ಮಾಡುತ್ತಾನೆ. ಹೌದಾ?
(ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್, ಶಿಡ್ಲಘಟ್ಟ)

ಉತ್ತರ: ಅಣ್ಣಾ, ನಮ್ಮೂರಿನ ಪತ್ರ ನೋಡಿ ಖುಷಿಯಾಯಿತು. ಮೊದಲು ಒಂದು ಮಾತು. ನೋಡಿದ ಮಾತ್ರಕ್ಕೆ ಔಷಧಿ ಸಿಗೋದಿಲ್ಲ. ಕೆಲಸಕ್ಕೆ ಬಾರದ್ದನ್ನು ಬೇಗ ಬಿಸಾಕಬಹುದು, ಅಷ್ಟೇ. ಮನುಷ್ಯರ ಮೇಲೆ ಪರೀಕ್ಷೆಗೆ ಬರುವ ಹತ್ತು ಔಷಧಿಗಳಲ್ಲಿ ಸುಮಾರು ಒಂಬತ್ತು ಅಲ್ಲೇ ಬಿದ್ದುಹೋಗುತ್ತವೆ. ಅಷ್ಟರೊಳಗೆ ವರ್ಷಗಟ್ಟಲೆ ಕಾಲ, ಕೋಟಿಗಟ್ಟಲೆ ಹಣ ಹೋಗಿರುತ್ತದೆ. ಕೆಟ್ಟ ಗೂಡನ್ನು ಮಾರುಕಟ್ಟೆಯಲ್ಲೇ ಬೇರೆ ಮಾಡದೆ, ಬಿಸಿನೀರಿನ ಬೇಸಿನ್ನಿಗೆ ಹಾಕಿದ ಮೇಲೆ ನೂಲು ಹರಿಯುತ್ತಿದೆ ಅಂತ ಗೊತ್ತಾದರೆ ನಿಮಗೆ ಹೇಗಾಗುತ್ತದೆ? ಹಾಗೆ.

ಯಾಕೆ ಬೀಳುತ್ತವೆ ಅನ್ನೋದಕ್ಕೆ ಒಂದು ಕಾರಣ, ಲ್ಯಾಬಿನ ಕೋಶಗಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ದೋಸೆಯ ಹಾಗೆ ಹರಡಿಕೊಂಡು ಬೆಳೆಯುತ್ತವೆ. ಅಲ್ಲಿ ಔಷಧಿ ಎಲ್ಲ ಕೋಶಕ್ಕೂ ಸಲೀಸಾಗಿ ಸಿಗುತ್ತದೆ. ಮೈಯೊಳಗಿನ ಗಡ್ಡೆ ದೋಸೆ ಅಲ್ಲ, ಮುದ್ದೆ. ಸರಿಯಾಗಿ ತಿರುವದ ರಾಗಿ ಮುದ್ದೆ ಮುರಿದರೆ ನಡುವೆ ಹಸಿ ಹಿಟ್ಟು ಇರುತ್ತದಲ್ಲ, ಸಾರಿನಲ್ಲಿ ಎಷ್ಟು ಅದ್ದಿದರೂ ಅಲ್ಲಿಗೆ ಸಾರು ಹೋಗೋದಿಲ್ಲ. ಗಡ್ಡೆಯ ನಡುವಿಗೂ ಔಷಧಿ ಹೀಗೇ ತಲುಪೋದಿಲ್ಲ. ಅದಕ್ಕೇ ಈಗ ಕೋಶಗಳನ್ನು ಸಣ್ಣ ಉಂಡೆಯಾಗಿ ಬೆಳೆಸುತ್ತಾರೆ. ಉಂಡೆ ಅರ್ಧ ಮಿಲಿಮೀಟರು ಆಗುವ ಹೊತ್ತಿಗೆ ನಡುವಿನ ಕೋಶಗಳಿಗೆ ಆಮ್ಲಜನಕ ಸಾಲದೆ ಅವು ಸಾಯತೊಡಗುತ್ತವೆ, ಥೇಟ್ ಗಡ್ಡೆಯ ಹಾಗೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಂಡಕೋಶಗಳಿಂದ (ಸ್ಟೆಮ್ ಸೆಲ್, ಬೇರೆ ಬೇರೆ ಬಗೆಯ ಕೋಶ ಆಗಬಲ್ಲದು) ಕರುಳು, ಯಕೃತ್ತುಗಳ ಪುಟಾಣಿ ತುಣುಕುಗಳನ್ನೂ ಬೆಳೆಸುತ್ತಾರೆ. ಅವಕ್ಕೆ ಆರ್ಗನಾಯ್ಡ್ ಅನ್ನುತ್ತಾರೆ. 2009ರಲ್ಲಿ ಹಾಲೆಂಡಿನ ಹ್ಯಾನ್ಸ್ ಕ್ಲೆವರ್ಸ್ ತಂಡದವರು ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಪುಟ್ಟ ಕರುಳು ಬೆಳೆಸಿದ ಮೇಲೆ ಈ ಕೆಲಸ ವೇಗ ಹಿಡಿಯಿತು.

ಇಂಥ ಉಂಡೆಗೆ ಬಣ್ಣ ಹಾಕಿದರೆ ಬಣ್ಣವೂ ಸಾರಿನ ಹಾಗೆ ಹೊರಗೇ ನಿಲ್ಲುತ್ತದೆ. ಕತ್ತರಿಸಿದರೆ ಉಂಡೆ ಸತ್ತಿತು, ನಾಳೆ ಮತ್ತೆ ಅದನ್ನೇ ನೋಡೋ ಹಾಗಿಲ್ಲ. ಬಣ್ಣ ಹಾಕದೆ ನೋಡಿದರೆ ಅದೇ ಉಂಡೆಯನ್ನು ಇವತ್ತು, ನಾಳೆ, ನಾಡಿದ್ದು ನೋಡುತ್ತಾ ಹೋಗಬಹುದು. ಏನು ನೋಡುತ್ತಾರೆ? ಯಕೃತ್ತಿನ ಕೋಶಕ್ಕೆ ಹೊಸ ಔಷಧಿ ಹಾಕಿದಾಗ ಕೊಬ್ಬಿನ ಹನಿ ಜಾಸ್ತಿಯಾಗುತ್ತಾ ಹೋದರೆ, ಆ ಔಷಧಿಯಿಂದ ಫ್ಯಾಟಿ ಲಿವರ್ ಬರಬಹುದು ಅಂತ ಎಚ್ಚರಿಕೆ. ಕೊಬ್ಬು ತಾನೇ ಹೊಳೆಯುವುದರಿಂದ ಎಣಿಸೋದು ಸುಲಭ. ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಹಾಕಿದರೆ ಎರಡಾಗಲು ಹೊರಟ ಕೋಶ ನಡುದಾರಿಯಲ್ಲೇ ಗುಂಡಗೆ ನಿಂತುಬಿಡುತ್ತದೆ. ಸಾಯುವ ಕೋಶದ ಮೈಮೇಲೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಉಂಡೆ ದಪ್ಪ ಇದ್ದರೆ ಗೌರಿಬಿದನೂರಿನ ಅತ್ತೆಗೆ ಮಾಡಿದ ಓಸಿಟಿಯನ್ನೇ ಬಳಸುತ್ತಾರೆ. ಬದುಕಿರುವ ಕೋಶದಲ್ಲಿ ಒಳಗಿನ ಓಡಾಟದಿಂದ ಬೆಳಕು ಮಿಣಮಿಣ ಅನ್ನುತ್ತದೆ, ಸತ್ತ ಕಡೆ ಸ್ತಬ್ಧ.

ತೂಕ ಕೂಡ ಸಿಗುತ್ತದೆ. ಕೋಶದಲ್ಲಿ ಹಾಯುವ ಬೆಳಕಿಗೆ ತಡ ಎಷ್ಟು ಜಾಸ್ತಿಯೋ ಅಲ್ಲಿ ಪ್ರೊಟೀನು ಅಷ್ಟು ಜಾಸ್ತಿ. ನಿಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಂಸಿಎಚ್ ಅಂತ ಇರುತ್ತದೆ, 27ರಿಂದ 32 ಪಿಕೊಗ್ರಾಂ. ಅದು ಒಂದು ಕೆಂಪು ರಕ್ತಕಣದಲ್ಲಿರುವ ಹಿಮೊಗ್ಲೋಬಿನ್ ತೂಕದ ಸರಾಸರಿ. ಪಿಕೊಗ್ರಾಂ ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಚಿಂತಾಮಣಿ ಹುಡುಗಿಗೆ ಹೇಳಿದ ತಡ ಅಳೆಯುವ ಯಂತ್ರ ಸರಾಸರಿ ಅಲ್ಲ, ಇದೇ ಕಣದಲ್ಲಿ ಎಷ್ಟಿದೆ ಅಂತ ಬೆಳಕಿನಲ್ಲೇ ತೂಗಿ ಹೇಳುತ್ತದೆ. ಮಲೇರಿಯಾ ಹೊಕ್ಕ ರಕ್ತಕಣದಲ್ಲಿ ಹಿಮೊಗ್ಲೋಬಿನ್ ಕರಗುತ್ತಾ ಹೋಗುವುದನ್ನು ಹೀಗೇ ಅಳೆದಿದ್ದಾರೆ.

ಇನ್ನು ನಿಮ್ಮ ಹುಡುಗನ ವಾದ. ಅರ್ಧ ಸರಿ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಕಾನೂನು ಬದಲಾಯಿಸಿದರು. ಮನುಷ್ಯರಿಗೆ ಕೊಡುವ ಮುಂಚೆ ಪ್ರಾಣಿಗಳ ಮೇಲೆ ಮಾಡಲೇಬೇಕು ಅನ್ನೋ ಕಡ್ಡಾಯ ಹೋಯಿತು. ನಮ್ಮಲ್ಲೂ 2023ರಲ್ಲಿ ನಿಯಮ ತಿದ್ದಿ, ಕೋಶದ ಪರೀಕ್ಷೆ, ಆರ್ಗನಾಯ್ಡ್ ಇಂಥವಕ್ಕೆ ದಾರಿ ಬಿಟ್ಟರು. ಮಾಡಲೇಬೇಕಿಲ್ಲ ಅನ್ನೋದಕ್ಕೂ ಮಾಡೋದೇ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ. ಪುಟ್ಟ ಯಕೃತ್ತಿಗೆ ಹೃದಯ ಇಲ್ಲ, ಹೊಟ್ಟೆ ಇಲ್ಲ. ನುಂಗಿದ ಮಾತ್ರೆ ಇಡೀ ಮೈಯಲ್ಲಿ ಏನು ಮಾಡುತ್ತದೆ ಅನ್ನೋದನ್ನು ಅದೊಂದೇ ಹೇಳಲಾರದು. ಇಲಿಗಳಿಗೆ ಇನ್ನೂ ಬಿಡುಗಡೆ ಆಗಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರಿನವನು. ಬಣ್ಣ ಹಾಕದ ಚಿತ್ರ ಕೊಟ್ಟರೆ ಎಐ ತಾನೇ ಬಣ್ಣ ಹಚ್ಚಿ ಕೊಡುತ್ತದಂತೆ. ಹಾಗಿದ್ದ ಮೇಲೆ ಬಣ್ಣದ ಬಾಟಲಿಗಳನ್ನೆಲ್ಲ ಮೋರಿಗೆ ಚೆಲ್ಲಬಹುದಲ್ವಾ?
(ಓದುಗ, ಕೋಲಾರ)

ಉತ್ತರ: ಚೆಲ್ಲಬೇಡಪ್ಪಾ. ಗುಂಡು ಚುಕ್ಕೆಯ ಕಥೆ ಮೇಲೆ ಬರೆದಿದ್ದೇನೆ. ಬಣ್ಣ ಇಲ್ಲದ ಚಿತ್ರದ ದೊಡ್ಡ ಕೊರತೆ ಅದೇ. ಅಲ್ಲಿ ಏನೋ ದಟ್ಟವಾಗಿದೆ ಅನ್ನುತ್ತದೆ, ಅದರ ಹೆಸರು ಹೇಳೋದಿಲ್ಲ. ಬಣ್ಣ ಹೆಸರು ಹೇಳುತ್ತದೆ.

2018ರ ಹೊತ್ತಿಗೆ ಅಮೆರಿಕದ ಒಂದೆರಡು ತಂಡಗಳು, ಅದರಲ್ಲಿ ಗೂಗಲ್‌ನವರೂ ಇದ್ದರು, ಬಣ್ಣ ಹಾಕುವ ಮುಂಚಿನ ಚಿತ್ರ ಮತ್ತು ಹಾಕಿದ ಮೇಲಿನ ಚಿತ್ರ ಎರಡನ್ನೂ ಜೋಡಿ ಮಾಡಿ ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಬರೀ ಮೊದಲಿನ ಚಿತ್ರ ಕೊಟ್ಟರೂ ಬಣ್ಣ ಎಲ್ಲಿ ಹತ್ತುತ್ತಿತ್ತು ಅಂತ ಅದು ಚಿತ್ರ ಬರೆದು ತೋರಿಸಿತು. ಚೆನ್ನಾಗಿಯೇ ತೋರಿಸಿತು. ಆದರೆ ಕಲಿತದ್ದು ಬಣ್ಣದ ಬಾಟಲಿಯಿಂದಲೇ ಅಲ್ವಾ? ಹೊಸ ಔಷಧಿಗೆ ಕೋಶ ಹಿಂದೆಂದೂ ಕಾಣದ ರೂಪ ತಾಳಿದಾಗ ಎಐ ಹಳೇ ಪಾಠವನ್ನೇ ಒಪ್ಪಿಸುವ ಭಯ ಇದೆ. ನನ್ನ ಹಾಗೆ, ಗುಂಡಗಿದೆ ಅಂದಮೇಲೆ ಕೊಬ್ಬು ಅಂದುಬಿಡುತ್ತದೆ. ಇನ್ನೊಂದು ವಿಷಯ. ಬೆಳಕನ್ನು ಪಕ್ಕದಿಂದ ಬಿಡಲು ಆಗದ ಕಾರಣ ಈ ಚಿತ್ರಗಳು ಮೇಲೆ ಕೆಳಗೆ ಎಳೆದಂತಾಗಿರುತ್ತವೆ, ಗುಂಡು ದ್ರಾಕ್ಷಿ ಉದ್ದ ದ್ರಾಕ್ಷಿಯಾಗಿ ಕಾಣುತ್ತದೆ. ಅದನ್ನೂ ಲೆಕ್ಕದಲ್ಲೇ ಸರಿಮಾಡುತ್ತಾರೆ. ಲೆಕ್ಕದ ಮೇಲೆ ಲೆಕ್ಕ.

ಬಣ್ಣ ಇಲ್ಲದೆಯೂ ಹೆಸರು ಹೇಳುವ ಬೆಳಕು ಒಂದಿದೆ. 1928ರಲ್ಲಿ ಸಿ. ವಿ. ರಾಮನ್ ಕಂಡದ್ದು. ಅಣುಗಳಿಗೆ ತಾಗಿ ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೆ ಒಂದು ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಬದಲಾವಣೆ ಎಷ್ಟು ಅನ್ನೋದು ಅಣುವಿನ ಗುರುತು. ಕೊಬ್ಬು ಕೊಬ್ಬೇ ಅಂತ ಅದು ಸಾಕ್ಷಿ ಹೇಳುತ್ತದೆ. ಕೋಟಿಗೆ ಒಂದು ಅಂದಮೇಲೆ ನಿಧಾನ, ಅದೇ ತೊಂದರೆ. ಅದನ್ನು ಜೋರು ಮಾಡುವ ಲೇಸರ್ ಉಪಾಯಗಳು ಬಂದಿವೆ. ನನ್ನನ್ನು ಕೇಳಿದರೆ ಎಐಗಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ. ವಯಸ್ಸಾದವಳ ಮಾತು ಅಂತ ಬೇಕಾದರೆ ನಗು.

ಪ್ರಶ್ನೆ: ಅಜ್ಜಿ, ಬಣ್ಣ ಇಲ್ಲದ್ದನ್ನು ನೋಡುವ ಪ್ರಯೋಗ ಮನೆಯಲ್ಲೇ ಮಾಡಬಹುದಾ? ನಮ್ಮ ಮನೆಯಲ್ಲಿ ಮೈಕ್ರೋಸ್ಕೋಪ್ ಇಲ್ಲ.
(7ನೇ ತರಗತಿ, ಬಾಗೇಪಲ್ಲಿ)

ಉತ್ತರ: ಎಲ್ಲರೂ ಅಕ್ಕ ಅಂದರೆ ನೀನೊಬ್ಬ ಅಜ್ಜಿ ಮಾಡಿದೆಯಾ! ಆಗಲಿ, ಮಾಡಬಹುದು ಪುಟ್ಟಾ.

ದೊಡ್ಡ ಗಾಜಿನ ಲೋಟದ ತುಂಬಾ ನೀರು ತಗೋ. ಅಲುಗಾಟ ನಿಲ್ಲಲಿ. ಕಲ್ಲುಸಕ್ಕರೆಯ ಒಂದು ಹರಳನ್ನು ದಾರಕ್ಕೆ ಕಟ್ಟಿ, ಪೆನ್ಸಿಲ್ಲಿಗೆ ಸುತ್ತಿ, ಹರಳು ನೀರಿನ ಮೇಲ್ಭಾಗದಲ್ಲಿ ಮುಳುಗಿರುವಂತೆ ತೂಗುಬಿಡು. ಲೋಟದ ಹಿಂದೆ ಗೆರೆ ಇರುವ ನೋಟ್‌ಬುಕ್ ನಿಲ್ಲಿಸು. ಈಗ ಕಣ್ಣು ಲೋಟದ ಮಟ್ಟಕ್ಕೆ ತಂದು ನೋಡು. ಹರಳಿನಿಂದ ಕೆಳಗೆ ಸಣ್ಣ ಎಳೆಗಳು ಇಳಿಯುತ್ತವೆ, ಅವು ಹಾದ ಕಡೆ ನೋಟ್‌ಬುಕ್ಕಿನ ಗೆರೆ ಸೊಟ್ಟಗಾಗುತ್ತದೆ. ನೀರಿಗೂ ಬಣ್ಣ ಇಲ್ಲ, ಸಕ್ಕರೆ ಪಾಕಕ್ಕೂ ಬಣ್ಣ ಇಲ್ಲ. ಪಾಕದಲ್ಲಿ ಬೆಳಕು ಸ್ವಲ್ಪ ನಿಧಾನ, ಅದಕ್ಕೇ ಕಾಣುತ್ತದೆ. ಎಳೆ ಕಾಣದಿದ್ದರೆ ಲೈಟು ಜಾಸ್ತಿ ಮಾಡಬೇಡ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ದೂರದಿಂದ ಹಿಡಿದು, ಲೋಟದ ನೆರಳು ಗೋಡೆಯ ಮೇಲೆ ಬೀಳುವಂತೆ ಮಾಡು. ಎಳೆಗಳ ನೆರಳು ಗೋಡೆಯ ಮೇಲೆ ಹರಿಯುತ್ತದೆ.

ಮನೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚು ಮಿಕ್ಕಿದ್ದರೆ ಬಿಳಿಯದು ಮಾತ್ರ ಹಾಕು. ಬಣ್ಣದ್ದು ತಿಂದುಬಿಡು.